ಲೆಕ್ಕದ ಪುಸ್ತಕದಲ್ಲಿ ಮೇಯ್ದ ಮಂದೆ

1883ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದ ಹಣವಂತರು ಸೇರಿ ಒಂದು ಕಂಪನಿ ಕಟ್ಟಿದರು. ಅಮೆರಿಕದ ವಯೋಮಿಂಗ್‌ನಲ್ಲಿದ್ದ ಅಲೆಕ್ಸಾಂಡರ್ ಸ್ವಾನ್ ಎಂಬವನ ಹತ್ತಾರು ಸಾವಿರ ದನಗಳನ್ನು ಕೊಂಡರು. ಹಲ್ಲು ನೋಡದೆ ಒಂದು ಹೋರಿಯನ್ನೂ ಕೊಳ್ಳದವರು ರೈತರು; ಇವರು ಇಡೀ ಮಂದೆಯನ್ನೇ ಎಣಿಸದೆ ಕೊಂಡರು. ಎಣಿಸುವುದಾದರೂ ಹೇಗೆ? ದನಗಳು ನೂರಾರು ಮೈಲಿ ಬಯಲಲ್ಲಿ ಚೆದುರಿಹೋಗಿದ್ದವು. ಹೋದ ವರ್ಷ ಇಷ್ಟು ಹಸುಗಳಿದ್ದವು, ಅವಕ್ಕೆ ಇಷ್ಟು ಕರು ಹುಟ್ಟಿರಬೇಕು, ಚಳಿಗೆ ನೂರಕ್ಕೆ ಇಷ್ಟು ಸತ್ತಿರಬಹುದು ಎಂದು ಕೂಡಿ ಕಳೆದು ಪುಸ್ತಕದಲ್ಲಿ ಬರೆದಿಟ್ಟ ಸಂಖ್ಯೆಗೇ ಹಣ ಸಂದಾಯವಾಯಿತು. ಆ ಕಾಲಕ್ಕೆ ಇದೇನೂ ವಿಚಿತ್ರವಲ್ಲ. ಬಯಲು ಸೀಮೆಯ ದೊಡ್ಡ ವ್ಯಾಪಾರಗಳೆಷ್ಟೋ ಹೀಗೆಯೇ ಕುದುರುತ್ತಿದ್ದವು.

ಅಮೆರಿಕದ ಪಶ್ಚಿಮದಲ್ಲಿ 1866ರ ಸುಮಾರಿಗೆ ಏರತೊಡಗಿ 1887ಕ್ಕೆ ಮುರಿದುಬಿದ್ದ ಬೇಲಿಯಿಲ್ಲದ ದನಸಾಕಣೆಯ ಕಥೆಯನ್ನು ಸಿನಿಮಾಗಳು ಬೇರೆ ಥರ ಹೇಳಿವೆ. ಅಲ್ಲಿ ಕೌಬಾಯ್ ಇದ್ದಾನೆ, ಕುದುರೆ ಇದೆ, ಯಾರ ಹಂಗೂ ಇಲ್ಲದ ಗಂಡಸುತನವಿದೆ. ಕೊನೆಗೆ ಮುಳ್ಳುತಂತಿಯೋ ಹಿಮವೋ ಬಂದು ಎಲ್ಲವನ್ನೂ ಮುಗಿಸುತ್ತದೆ. ಈ ಶೋಕಗೀತೆಯನ್ನು ನಾನು ಒಪ್ಪಲಾರೆ. ಹಿಮ ದನಗಳನ್ನು ಕೊಂದದ್ದು ನಿಜ. ಆದರೆ ಆ ಬದುಕಿನ ಕ್ರಮ ಕುಸಿದದ್ದಕ್ಕೆ ಕಾರಣ ಅದರೊಳಗೇ ಇತ್ತು.

ಶುರುವಾದದ್ದು ಟೆಕ್ಸಾಸ್‌ನಲ್ಲಿ. ಸ್ಪೇನಿನವರು ತಂದುಬಿಟ್ಟ ದನಗಳ ಸಂತತಿ ಅಲ್ಲಿ ಅರೆಕಾಡಾಗಿ ಬೆಳೆದು ಉದ್ದಕೊಂಬಿನ ಗಟ್ಟಿಮುಟ್ಟಾದ ತಳಿಯಾಗಿತ್ತು. ಅಂತರ್ಯುದ್ಧದ ವರ್ಷಗಳಲ್ಲಿ ಗಂಡಸರು ದಂಡಿಗೆ ಹೋದಾಗ ಕೇಳುವವರಿಲ್ಲದೆ ಲಕ್ಷಗಟ್ಟಲೆಯಾಯಿತು. 1865ರಲ್ಲಿ ಯುದ್ಧ ಮುಗಿದಾಗ ಅಲ್ಲಿ ಮೂರು ನಾಲ್ಕು ಡಾಲರಿಗೂ ಕೊಳ್ಳುವವರಿಲ್ಲದ ದನಕ್ಕೆ ಉತ್ತರದ ಪೇಟೆಗಳಲ್ಲಿ ಅದರ ಹತ್ತು ಪಟ್ಟು ಬೆಲೆಯಿತ್ತು. ನಡುವೆ ನೂರಾರು ಮೈಲಿ ದಾರಿ. ಜೋಸೆಫ್ ಮೆಕಾಯ್ ಎಂಬ ವ್ಯಾಪಾರಿ 1867ರಲ್ಲಿ ಕ್ಯಾನ್ಸಸ್‌ನ ಅಬಿಲೀನ್ ಎಂಬ ಕುಗ್ರಾಮದ ರೈಲು ನಿಲ್ದಾಣದ ಬಳಿ ದೊಡ್ಡಿಗಳನ್ನು ಕಟ್ಟಿಸಿದ; ಚಿಸಮ್ ಹಾದಿ ಹಿಡಿದು ಮಂದೆಗಳು ಬರತೊಡಗಿದವು. ಅಲ್ಲಿಂದ ರೈಲು ಹತ್ತಿದರೆ ಷಿಕಾಗೋದ ಕಸಾಯಿಖಾನೆ. ಇತ್ತ ಚಾರ್ಲ್ಸ್ ಗುಡ್‌ನೈಟ್ ಹಳೆಯ ಸೈನ್ಯದ ಗಾಡಿಗೆ ಹಿಂದೆ ಗೂಡುಗಳ ಪೆಟ್ಟಿಗೆ ಜೋಡಿಸಿ ದಾರಿಯುದ್ದಕ್ಕೂ ನಡೆಯುವ ಅಡುಗೆಮನೆ ಮಾಡಿಕೊಂಡ. ಇಷ್ಟರ ಮಟ್ಟಿಗೆ ಇದು ನಿಜಕ್ಕೂ ಜಾಣ ಕೆಲಸ. ವ್ಯರ್ಥವಾಗುತ್ತಿದ್ದುದನ್ನು ಬೇಕಾದವರ ಬಳಿಗೆ ನಡೆಸಿಕೊಂಡು ಹೋದರು.

ಆದರೆ ದನ ಮೇಯ್ದ ಹುಲ್ಲು ಯಾರದು? ಸಾಕಣೆ ಟೆಕ್ಸಾಸ್ ದಾಟಿ ಕೊಲರಾಡೊ, ವಯೋಮಿಂಗ್, ಮೊಂಟಾನಾ, ಡಕೋಟಾಗಳಿಗೆ ಹಬ್ಬಿದ ವರ್ಷಗಳಲ್ಲೇ ಆ ಹುಲ್ಲನ್ನು ಸಾವಿರಾರು ವರ್ಷ ಮೇಯ್ದ ಕಾಡೆಮ್ಮೆಗಳ ಹಿಂಡುಗಳನ್ನು ತೊಗಲಿಗಾಗಿ ಹೊಡೆದು ಮುಗಿಸಲಾಯಿತು. 1880ರ ದಶಕ ಮುಗಿಯುವಾಗ ಕೆಲವು ನೂರು ಮಾತ್ರ ಉಳಿದಿದ್ದವು. ಅವನ್ನೇ ನಂಬಿ ಬದುಕಿದ್ದ ಕೊಮಾಂಚಿ, ಲಕೋಟ ಮುಂತಾದ ಮೂಲನಿವಾಸಿಗಳನ್ನು ಸೈನ್ಯ ಮೀಸಲು ಪ್ರದೇಶಗಳಿಗೆ ಅಟ್ಟಿತು. 1874-75ರ ಕದನದಲ್ಲಿ ಕೊಮಾಂಚಿಗಳು ಸೋತು ಶರಣಾದರು. 1876ರಲ್ಲಿ ಅವರ ಆಶ್ರಯವಾಗಿದ್ದ ಪಾಲೊ ಡ್ಯೂರೊ ಕಣಿವೆಗೆ ಗುಡ್‌ನೈಟ್ ತನ್ನ ಮಂದೆ ಇಳಿಸಿದ. ಇನ್ನೂ ಕ್ರೂರವಾದ ಸಂಗತಿಯೆಂದರೆ, ಬೇಟೆ ಕಳೆದುಕೊಂಡು ಮೀಸಲಿನಲ್ಲಿ ಕೂತವರಿಗೆ ಸರ್ಕಾರ ಪಡಿಯಾಗಿ ಕೊಟ್ಟ ಮಾಂಸವೂ ಈ ದನಗಾರರ ಗುತ್ತಿಗೆಯದೇ. ಭೂಮಿ ತೆರವು ಮಾಡಿಸಿದ್ದು ಸರ್ಕಾರದ ಸೈನ್ಯ, ಹುಲ್ಲು ಸರ್ಕಾರದ ಜಮೀನಿನದು, ಕೋಟೆಗಳಿಗೂ ಮೀಸಲುಗಳಿಗೂ ಮಾಂಸ ಕೊಂಡದ್ದು ಸರ್ಕಾರ, ರೈಲು ಕಂಪನಿಗಳಿಗೆ ಜಮೀನು ದಾನ ಮಾಡಿದ್ದೂ ಅದೇ. ಸ್ವಾವಲಂಬನೆಯ ಜಂಬವನ್ನು ಇಷ್ಟೊಂದು ಕೊಚ್ಚಿಕೊಂಡ ಉದ್ಯಮಕ್ಕೆ ಇಷ್ಟೊಂದು ಸರ್ಕಾರಿ ಊರುಗೋಲು!

ಹುಲ್ಲಿಗೆ ಬಾಡಿಗೆಯಿಲ್ಲ, ಕಂದಾಯವಿಲ್ಲ. ಸರ್ಕಾರಿ ಜಮೀನು ಹಂಚುವ 1862ರ ಕಾಯ್ದೆಯಂತೆ ಒಬ್ಬನಿಗೆ 160 ಎಕರೆ ಸಿಗುತ್ತಿತ್ತು. ಒಣ ಸೀಮೆಯಲ್ಲಿ ಅಷ್ಟರಲ್ಲಿ ಸಾಕಣೆ ನಡೆಯದು. ಆದರೆ ಹೊಳೆಯ ದಂಡೆಯ 160 ಎಕರೆ ಕೈಯಲ್ಲಿದ್ದರೆ ಸುತ್ತಲ ಹತ್ತಾರು ಸಾವಿರ ಎಕರೆ ತಾನಾಗಿಯೇ ಅವನದಾಗುತ್ತಿತ್ತು, ಏಕೆಂದರೆ ನೀರಿಲ್ಲದ ಹುಲ್ಲಿಗೆ ಬೇರೆ ಗಿರಾಕಿ ಇಲ್ಲ. ಆಳುಗಳ ಹೆಸರಿನಲ್ಲಿ ಅರ್ಜಿ ಹಾಕಿಸಿ ನೀರಿನ ದಡಗಳನ್ನು ಹಿಡಿದವರು ಕಡಿಮೆಯೇನಿರಲಿಲ್ಲ.

ಈ ಪದ್ಧತಿಯಲ್ಲಿ ನಾನು ಮನಸಾರೆ ಮೆಚ್ಚುವುದು ರೌಂಡ್‌ಅಪ್ಪನ್ನು. ವಸಂತದಲ್ಲಿ ಒಂದು ಸೀಮೆಯ ಮಾಲೀಕರೆಲ್ಲ ತಮ್ಮ ಆಳುಗಳನ್ನು ಕಳಿಸಿ, ನೂರಾರು ಮೈಲಿ ಬಯಲನ್ನು ಸೋಸಿ, ಬೆರೆತುಹೋದ ದನಗಳನ್ನು ಒಂದೆಡೆ ಕೂಡಿಸುತ್ತಿದ್ದರು. ಕರು ಯಾವ ಹಸುವಿನ ಬೆನ್ನಿಗಿದೆ ಎಂದು ನೋಡಿ, ಆ ಹಸುವಿನ ಮೈಮೇಲಿನ ಗುರುತನ್ನೇ ಕರುವಿಗೂ ಕಾದ ಕಬ್ಬಿಣದಿಂದ ಒತ್ತುತ್ತಿದ್ದರು, ಆ ಹಸುವಿನ ಒಡೆಯ ಅಲ್ಲಿಗೆ ಬಂದಿರದಿದ್ದರೂ. ಪೊಲೀಸರಿಲ್ಲದ, ಬೇಲಿಯಿಲ್ಲದ ಜಾಗದಲ್ಲಿ ಇದು ಸಣ್ಣ ನಂಬಿಕೆಯಲ್ಲ. ಆದರೆ ಕೊರತೆಯಿದ್ದದ್ದೂ ಇಲ್ಲೇ. ಕರು ಯಾರದು ಎನ್ನುವುದಕ್ಕೆ ಕಟ್ಟುನಿಟ್ಟಾದ ನಿಯಮ ಮಾಡಿಕೊಂಡವರು, ಈ ಹುಲ್ಲು ಎಷ್ಟು ದನಕ್ಕೆ ಸಾಕು ಎಂಬ ಪ್ರಶ್ನೆಗೆ ಗಟ್ಟಿ ನಿಯಮವನ್ನೇ ಮಾಡಿಕೊಳ್ಳಲಿಲ್ಲ. ದನಗಾರರ ಸಂಘಗಳು ಹೊಸಬರಿಗೆ ಜಾಗವಿಲ್ಲವೆಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟದ್ದುಂಟು. ತಮ್ಮದೇ ಸದಸ್ಯರ ಮಂದೆಗೆ ಮಿತಿ ಹಾಕುವ ಧೈರ್ಯ ತೋರಲಿಲ್ಲ.

ನಡುವೆ ದನದ ಮೈಗೆ ಹತ್ತುವ ಉಣ್ಣೆಹುಳದ ಕಥೆಯೊಂದಿದೆ. ಟೆಕ್ಸಾಸ್ ದನಗಳು ಹಾದುಹೋದ ದಾರಿಯಲ್ಲಿ ಉತ್ತರದ ದನಗಳು ಜ್ವರ ಬಂದು ಸಾಯುತ್ತಿದ್ದವು. ತಂದವಕ್ಕೆ ಏನೂ ಆಗುತ್ತಿರಲಿಲ್ಲ. ಹಾಗಾಗಿ ದನಗಾರರು ಆರೋಪವನ್ನೇ ನಂಬಲಿಲ್ಲ, ಒಕ್ಕಲುಗಳು ಬಂದೂಕು ಹಿಡಿದು ಮಂದೆಗಳನ್ನು ತಡೆದರು, 1885ರಲ್ಲಿ ಕ್ಯಾನ್ಸಸ್ ಬಾಗಿಲು ಹಾಕಿತು. ರೋಗ ಹರಡುವುದು ಉಣ್ಣೆಯಿಂದ ಎಂದು ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ ತೋರಿಸಿಕೊಟ್ಟದ್ದು 1893ರಲ್ಲಿ, ಅಂದರೆ ದೊಡ್ಡ ನಡೆಗಳೆಲ್ಲ ಮುಗಿದ ಮೇಲೆ. ಮುಂದೆ ಸೆಕೆಯನ್ನೂ ಉಣ್ಣೆಯನ್ನೂ ತಾಳುವ ದನ ಬೇಕೆಂದು ಟೆಕ್ಸಾಸ್‌ನವರು ಕಣ್ಣು ಹಾಯಿಸಿದ್ದು ಭಾರತದ ಕಡೆ. ಅಲ್ಲಿ ರೂಪುಗೊಂಡ ಬ್ರಾಹ್ಮನ್ ತಳಿಯಲ್ಲಿ ಗೀರ್, ಕಾಂಕ್ರೇಜ್, ಓಂಗೋಲ್‌ಗಳ ಜೊತೆ ನಮ್ಮ ಕೃಷ್ಣಾ ತೀರದ ಕೃಷ್ಣಾ ವ್ಯಾಲಿ ತಳಿಯ ರಕ್ತವೂ ಸೇರಿದೆ. ಊರಲ್ಲಿ ಅಪರೂಪವಾಗುತ್ತಿರುವ ತಳಿಗೆ ಅಲ್ಲಿ ಒಂದು ವಂಶಾವಳಿ ಸಿಕ್ಕಿತು.

ಹಣದ ಮಾತಿಗೆ ಬರೋಣ. ಬ್ರಿಟನ್ ಸಂಸತ್ತಿನ ಇಬ್ಬರು ಸದಸ್ಯರು 1879ರಲ್ಲಿ ಅಮೆರಿಕ ಸುತ್ತಿ, ಅಲ್ಲಿ ದನಸಾಕಣೆಯಲ್ಲಿ ಶೇ 33ರಷ್ಟು ಲಾಭವಿದೆ ಎಂದು ವರದಿ ಮಾಡಿದರು. 1881ರಲ್ಲಿ ಜೇಮ್ಸ್ ಬ್ರಿಸ್ಬಿನ್ ಎಂಬ ಸೈನ್ಯಾಧಿಕಾರಿ ಬಯಲಲ್ಲಿ ಶ್ರೀಮಂತನಾಗುವುದು ಹೇಗೆಂದು ಒಂದು ಪುಸ್ತಕವನ್ನೇ ಬರೆದ. ಹುಟ್ಟಿದಾಗ 5 ಡಾಲರಿನ ಕರು, ಖರ್ಚೇ ಇಲ್ಲದೆ ಮೇಯ್ದು, ಬಲಿತಾಗ 45ರಿಂದ 60 ಡಾಲರ್ ತರುತ್ತದೆ ಎಂಬ ಲೆಕ್ಕ ಪತ್ರಿಕೆಗಳಲ್ಲಿ ಓಡಾಡುತ್ತಿತ್ತು. ಎಡಿನ್‌ಬರೋದಲ್ಲಿ ಪ್ರೇರಿ ಕ್ಯಾಟಲ್ ಕಂಪನಿ, ಡಂಡಿಯಲ್ಲಿ ಮ್ಯಾಟಡೋರ್, ಆಮೇಲೆ ಸ್ವಾನ್. ದನದ ಬಾಲ ಹಿಡಿದು ಗೊತ್ತಿಲ್ಲದ ವಕೀಲರೂ ವಿಧವೆಯರೂ ಷೇರು ಕೊಂಡರು. ಷೇರುದಾರರಿಗೆ ಪ್ರತಿ ವರ್ಷ ಲಾಭ ಬೇಕು, ಆದ್ದರಿಂದ ಪುಸ್ತಕದಲ್ಲಿ ಪ್ರತಿ ವರ್ಷ ಕರು ಹುಟ್ಟಲೇಬೇಕು. ಬರ, ತೋಳ, ಬಂಜೆ ಹಸು, ಕಳ್ಳ ಇವರಾರೂ ಆ ಪುಟಗಳೊಳಗೆ ಬರುವಂತಿರಲಿಲ್ಲ. ಹಿಮಗಾಳಿಯ ದಿನ ಕಂಗಾಲಾಗಿ ಕೂತ ದನಗಾರರಿಗೆ ಷೆಯೆನ್ ಪಟ್ಟಣದ ಸಾರಾಯಿ ಅಂಗಡಿಯವನೊಬ್ಬ, ಏನೇ ಆಗಲಿ ಪುಸ್ತಕಗಳಂತೂ ಹೆಪ್ಪುಗಟ್ಟುವುದಿಲ್ಲ ಎಂದು ಸಮಾಧಾನ ಹೇಳಿದನೆಂಬ ಕಥೆ ಆ ಸೀಮೆಯಲ್ಲಿ ಉಳಿದುಬಂದಿದೆ. ಈ ಉದ್ಯಮದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಜೋಸೆಫ್ ಗ್ಲಿಡನ್ 1874ರಲ್ಲಿ ಪೇಟೆಂಟ್ ಪಡೆದ ಮುಳ್ಳುತಂತಿಯನ್ನು ಒಕ್ಕಲುಗಳ ಅಸ್ತ್ರವೆಂದು ಹೇಳುವುದು ರೂಢಿ. ಆದರೆ ದೊಡ್ಡ ಸಾಕಣೆಯವರೇ ಸರ್ಕಾರಿ ಜಮೀನಿಗೆ ಮೈಲಿಗಟ್ಟಲೆ ತಂತಿ ಎಳೆದರು. ಅದನ್ನು ಕಿತ್ತುಹಾಕಿಸಲು 1885ರಲ್ಲಿ ಕಾನೂನೇ ಬೇಕಾಯಿತು. ಟೆಕ್ಸಾಸ್‌ನ ಉತ್ತರ ತುದಿಯಲ್ಲಿ ಅವರು ಹಾಕಿದ್ದ ಉದ್ದನೆಯ ಬೇಲಿಗೆ 1886ರ ಜನವರಿಯಲ್ಲಿ ಗಾಳಿಗೆ ಬೆನ್ನು ಕೊಟ್ಟು ತೆಂಕಲಿಗೆ ನಡೆದು ಬಂದ ದನಗಳು ಒತ್ತಿಕೊಂಡು, ಒಂದರ ಮೇಲೊಂದು ಬಿದ್ದು ಸತ್ತವು. ಬಯಲು ಆಗಲೇ ಕಿಕ್ಕಿರಿದಿತ್ತು. ಮೀಸಲು ಪ್ರದೇಶದಲ್ಲಿ ಮೇಯುತ್ತಿದ್ದ ಎರಡು ಲಕ್ಷದಷ್ಟು ದನಗಳನ್ನು 40 ದಿನದಲ್ಲಿ ತೆರವು ಮಾಡಬೇಕೆಂದು ಅಧ್ಯಕ್ಷ ಕ್ಲೀವ್‌ಲೆಂಡ್ 1885ರಲ್ಲಿ ಆಜ್ಞೆ ಮಾಡಿದ್ದರಿಂದ ಅವೂ ಸುತ್ತಲಿನ ಸೀಮೆಗಳಿಗೆ ನುಗ್ಗಿದ್ದವು. ಬೆಲೆ ಇಳಿಯುತ್ತಿತ್ತು, ಇಳಿದ ಬೆಲೆಗೆ ಮಾರಲೊಲ್ಲದೆ ಇನ್ನೊಂದು ವರ್ಷ ಮೇಯಿಸೋಣವೆಂದು ಮಾಲೀಕರು ಮಂದೆಯನ್ನು ಹಾಗೆಯೇ ಉಳಿಸಿಕೊಂಡರು. 1886ರ ಬೇಸಿಗೆಯಲ್ಲಿ ಉತ್ತರದ ಬಯಲಿಗೆ ಮಳೆಯಿಲ್ಲ, ಹುಲ್ಲಿಗೆ ಬೆಂಕಿ. ಅಂಥ ಚಳಿನಾಡಿನಲ್ಲಿ ಒಂದು ಬಣವೆ ಒಣಹುಲ್ಲನ್ನೂ ಕೂಡಿಡದೆ ಲಕ್ಷಗಟ್ಟಲೆ ದನ ಸಾಕಿದ್ದು ಕೆಚ್ಚೆದೆಯೇನಲ್ಲ, ಜಿಪುಣತನ.

ನವೆಂಬರಿನಲ್ಲಿ ಹಿಮ ಶುರುವಾಯಿತು. ನಡುವೆ ಕರಗಿದ ಹಿಮ ಮತ್ತೆ ಗಡ್ಡೆಗಟ್ಟಿ ಹುಲ್ಲಿನ ಮೇಲೆ ಗಾಜಿನ ಹೊದಿಕೆಯಾಯಿತು. ಅದನ್ನು ಕೆರೆಯಹೋದ ದನಗಳ ಕಾಲು ಸೀಳಿದವು. ಜನವರಿಯಲ್ಲಿ ಬಂದ ಬಿರುಗಾಳಿಯ ಹೊತ್ತಿಗೆ ಹಸಿದ ದನಗಳು ಊರೊಳಗೆ ನುಗ್ಗಿ ಗುಡಿಸಲುಗಳ ಗೋಡೆಗೆ ಹೊಡೆದ ಟಾರು ಕಾಗದವನ್ನು ಕಿತ್ತು ತಿಂದವು. ಎಷ್ಟು ಸತ್ತವೆಂಬ ಅಂದಾಜುಗಳು ಒಂದಕ್ಕೊಂದು ಹೊಂದುವುದಿಲ್ಲ. ಇದರಲ್ಲೂ ಪುಸ್ತಕದ ಕೈವಾಡವಿದೆ: ಎಂದೂ ಇರದಿದ್ದ ದನಗಳನ್ನೂ ಸತ್ತವೆಂದು ಬರೆದು ಹಳೆಯ ಸುಳ್ಳಿನಿಂದ ಪಾರಾಗಲು ಮ್ಯಾನೇಜರುಗಳಿಗೆ ಹಿಮ ಒಳ್ಳೆಯ ನೆಪವಾಯಿತು. ಸ್ವಾನ್ 1887ರ ಮೇ ತಿಂಗಳಲ್ಲಿ ದಿವಾಳಿ. ಡಕೋಟಾದಲ್ಲಿ ಹಣ ಹೂಡಿದ್ದ ಥಿಯೊಡೋರ್ ರೂಸ್‌ವೆಲ್ಟ್ ಅರ್ಧಕ್ಕೂ ಹೆಚ್ಚು ಮಂದೆ ಕಳೆದುಕೊಂಡ. ಮೊಂಟಾನಾದ ಗ್ರ್ಯಾನ್‌ವಿಲ್ ಸ್ಟುವರ್ಟ್, ಮೇವೂ ಆಸರೆಯೂ ಕೊಡಲಾಗದ ಪ್ರಾಣಿಯ ಒಡೆತನ ಇನ್ನು ಬೇಡವೆಂದು ಕೈ ತೊಳೆದುಕೊಂಡ. ಅವನೊಬ್ಬನ ಮಾತಿನಲ್ಲಿ ದನವನ್ನು ಜೀವವೆಂದು ಕಂಡ ದನಿ ಕೇಳುತ್ತದೆ.

ಕೌಬಾಯ್‌ಗೆ ಇದರಲ್ಲಿ ಸಿಕ್ಕಿದ್ದೇನು? ತಿಂಗಳಿಗೆ 25ರಿಂದ 40 ಡಾಲರ್ ಕೂಲಿ. ಅವರಲ್ಲಿ ಸುಮಾರು ಕಾಲು ಭಾಗ ಕರಿಯರು, ಮೆಕ್ಸಿಕೋ ಮೂಲದವರು ಬೇರೆ. ಬಹುಕಾಲ ತೆರೆಯ ಮೇಲೆ ಇಬ್ಬರಿಗೂ ಜಾಗವಿರಲಿಲ್ಲ. 1883ರಲ್ಲಿ ಟೆಕ್ಸಾಸ್‌ನ ಕೆಲವು ಕೌಬಾಯ್‌ಗಳು 50 ಡಾಲರ್ ಕೇಳಿ ಮುಷ್ಕರ ಹೂಡಿ ಸೋತರು. 1892ರಲ್ಲಿ ವಯೋಮಿಂಗ್‌ನ ದೊಡ್ಡ ದನಗಾರರು ಸಣ್ಣ ಹಿಡುವಳಿದಾರರಿಗೆ ಕಳ್ಳರೆಂದು ಹೆಸರಿಟ್ಟು, ಟೆಕ್ಸಾಸ್‌ನಿಂದ ಬಾಡಿಗೆ ಬಂದೂಕುಗಾರರನ್ನು ಕರೆಸಿ ಜಾನ್ಸನ್ ಕೌಂಟಿಯ ಮೇಲೆ ಏರಿಹೋದರು. ನೇಟ್ ಚಾಂಪಿಯನ್, ನಿಕ್ ರೇ ಎಂಬಿಬ್ಬರನ್ನು ಕೊಂದರು. ಊರವರು ತಿರುಗಿ ಮುತ್ತಿಗೆ ಹಾಕಿದಾಗ ಕೊಲೆಗಾರರನ್ನು ಕಾಪಾಡಿದ್ದು ಅಮೆರಿಕದ ಸೈನ್ಯ. ಯಾರಿಗೂ ಶಿಕ್ಷೆಯಾಗಲಿಲ್ಲ. ಹತ್ತು ವರ್ಷದ ನಂತರ ಬಂದ ಓವೆನ್ ವಿಸ್ಟರ್‌ನ ‘ದಿ ವರ್ಜೀನಿಯನ್’ ಕಾದಂಬರಿ ಅದೇ ವಯೋಮಿಂಗ್‌ನಲ್ಲಿ ದನಗಳ್ಳರನ್ನು ನೇಣಿಗೇರಿಸುವ ಕೆಲಸವನ್ನು ಸಮರ್ಥಿಸಿ, ಮಾಲೀಕರ ಪಕ್ಷ ಹಿಡಿಯಿತು. ಇಪ್ಪತ್ತು ವರ್ಷದ ಒಂದು ಉದ್ಯಮ ನೂರು ವರ್ಷದ ಪುರಾಣವಾಗಲು ಇಂಥ ಸಾಹಿತ್ಯದ ಸೇವೆಯೂ ಬೇಕಾಗುತ್ತದೆ.

ಎಲ್ಲರದಾದ ಗೋಮಾಳ ಹಾಳಾಗಲೇಬೇಕು ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಮಂಡಿಸಿದ ವಾದಕ್ಕೆ ಈ ಬಯಲನ್ನು ಸಾಕ್ಷಿಗೆ ಕರೆಯುವವರಿದ್ದಾರೆ. ಸಾಕ್ಷಿ ತಪ್ಪು. ನಿಯಮ ಮಾಡಿಕೊಂಡ ಸಮುದಾಯಗಳು ಹುಲ್ಲನ್ನೂ ನೀರನ್ನೂ ತಲೆಮಾರುಗಟ್ಟಲೆ ಉಳಿಸಿಕೊಂಡದ್ದನ್ನು ಎಲಿನಾರ್ ಆಸ್ಟ್ರಮ್ 1990ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ವಯೋಮಿಂಗ್‌ನಲ್ಲಿ ಅಂಥ ಸಮುದಾಯವೇ ಬೆಳೆಯಲಿಲ್ಲ: ಮಾಲೀಕ ಡಂಡಿಯಲ್ಲಿ, ಮ್ಯಾನೇಜರ್ ಷೆಯೆನ್ ಕ್ಲಬ್ಬಿನಲ್ಲಿ, ಕೂಲಿಯವನು ಮಾತ್ರ ಹುಲ್ಲಿನ ಮೇಲೆ.

1887ರ ನಂತರ ದನಸಾಕಣೆ ನಿಲ್ಲಲಿಲ್ಲ, ಸಣ್ಣದಾಯಿತು. ಗಾಳಿಯಂತ್ರದ ನೀರು, ಕೊಯ್ದಿಟ್ಟ ಹುಲ್ಲು, ಬೇಲಿಯೊಳಗಿನ ಹೆರೆಫರ್ಡ್ ದನ. ಸರ್ಕಾರಿ ಬಯಲಲ್ಲಿ ಯಾರು ಎಷ್ಟು ದನ ಮೇಯಿಸಬಹುದು, ಅದಕ್ಕೆಷ್ಟು ಶುಲ್ಕ ಎಂದು ನಿಗದಿ ಮಾಡುವ ಟೇಲರ್ ಕಾಯ್ದೆ ಬಂದದ್ದು 1934ರಲ್ಲಿ. ಶುಲ್ಕ ಇಂದಿಗೂ ಅಗ್ಗ. 2019ರಿಂದ ಹಲವು ವರ್ಷ ಅದು ಕರುವಿರುವ ಒಂದು ಹಸುವಿಗೆ ತಿಂಗಳಿಗೆ 1.35 ಡಾಲರ್ ಮಾತ್ರ ಇತ್ತು. ನೆವಾಡಾದ ಕ್ಲೈವನ್ ಬಂಡಿ 1993ರಿಂದ ಅದನ್ನೂ ಕಟ್ಟಲಿಲ್ಲ. 2014ರ ಏಪ್ರಿಲ್‌ನಲ್ಲಿ ಅಧಿಕಾರಿಗಳು ಅವನ ದನಗಳನ್ನು ಹಿಡಿಯಹೋದಾಗ ಬಂದೂಕು ಹಿಡಿದ ಬೆಂಬಲಿಗರು ಎದುರು ನಿಂತರು. ಶುಲ್ಕ ಮತ್ತು ದಂಡದ ಬಾಕಿ ಹತ್ತು ಲಕ್ಷ ಡಾಲರ್ ದಾಟಿತ್ತು. ಅಧಿಕಾರಿಗಳು ಹಿಡಿದ ದನಗಳನ್ನು ಬಿಟ್ಟು ವಾಪಸಾದರು.