ಏಳು ಗಂಡಂದಿರ ನಡುವೆ ಒಬ್ಬ ಹೆಂಡತಿ

ಅಮೆರಿಕದ ಲೇಖಕಿ ಟೇಲರ್ ಜೆಂಕಿನ್ಸ್ ರೀಡ್ 2017ರಲ್ಲಿ ಪ್ರಕಟಿಸಿದ ‘ದಿ ಸೆವೆನ್ ಹಸ್ಬೆಂಡ್ಸ್ ಆಫ್ ಎವಲಿನ್ ಹ್ಯೂಗೊ’ ಕಾದಂಬರಿಯ ಹೆಸರು ಕೇಳಿದರೆ ನಮ್ಮ ಹೆಂಗಸರು ಮೊದಲು ನಗುತ್ತಾರೆ. ‘ಏಳು ಗಂಡಂದಿರೇ? ದ್ರೌಪದಿಗಿಂತ ಎರಡು ಜಾಸ್ತಿಯಾಯ್ತಲ್ರೀ!’ ಎಂದು ನಮ್ಮ ಓದುಗರ ಕೂಟದ ಹಿರಿಯರೊಬ್ಬರು ಕೂಡಲೇ ಲೆಕ್ಕ ಹಾಕಿದರು. ಈ ನಗುವೇ ಲೇಖಕಿಯ ಬಂಡವಾಳ. ನಕ್ಕು ಪುಸ್ತಕ ತೆರೆದವರು, ಕಥೆ ಗಂಡಂದಿರದ್ದಲ್ಲ ಎಂದು ತಿಳಿಯುವ ಹೊತ್ತಿಗೆ ಅರ್ಧ ದಾರಿ ಬಂದಿರುತ್ತಾರೆ.

ನನಗೆ ಪ್ರತಿ ತಂದುಕೊಟ್ಟವಳು ಅಕ್ಕನ ಮಗಳು. ‘ಹೆಸರು ನೋಡಿ ಹೆದರ್ಕೋಬೇಡಿ ಚಿಕ್ಕಮ್ಮಾ, ಮುಗಿಸೋ ಹೊತ್ಗೆ ಅಳ್ತೀರಾ’ ಎಂದಿದ್ದಳು. ಅವಳ ವಯಸ್ಸಿನ ಹುಡುಗಿಯರು ದೇಶ ದೇಶಗಳಲ್ಲಿ ಈ ಪುಸ್ತಕವನ್ನು ಎದೆಗೆ ಅವುಚಿಕೊಂಡು ಅತ್ತದ್ದು ಸುಳ್ಳಲ್ಲ. ಪ್ರಕಟವಾಗಿ ಮೂರು ನಾಲ್ಕು ವರ್ಷಗಳಾದ ಮೇಲೆ ಹೊಸ ಓದುಗರ ಅಲೆಯೇ ಎದ್ದು, 2022ರಲ್ಲಿ ನೆಟ್‌ಫ್ಲಿಕ್ಸ್ ಇದನ್ನು ಚಿತ್ರ ಮಾಡುವುದಾಗಿ ಪ್ರಕಟಿಸಿತು. ಎವಲಿನ್ ಪಾತ್ರ ಯಾರು ಮಾಡಬೇಕು ಎಂಬ ಜಗಳ ಅಂದಿನಿಂದ ಅಭಿಮಾನಿಗಳ ನಡುವೆ ನಡೆದೇ ಇದೆ.

ಕಥೆ ಹೀಗಿದೆ. ಎಪ್ಪತ್ತೊಂಬತ್ತು ವರ್ಷದ ಎವಲಿನ್ ಹ್ಯೂಗೊ ಹಾಲಿವುಡ್ಡಿನ ಹಳೆಯ ತಾರೆ. ನ್ಯೂಯಾರ್ಕಿನ ತನ್ನ ಮನೆಯಲ್ಲಿ ಯಾರನ್ನೂ ಹತ್ತಿರ ಸೇರಿಸದೆ ಬಾಳುತ್ತಿದ್ದಾಳೆ. ಇದ್ದಕ್ಕಿದ್ದಂತೆ ಒಂದು ಪತ್ರಿಕೆಗೆ ಹೇಳಿಕಳುಹಿಸುತ್ತಾಳೆ: ಸಂದರ್ಶನ ಕೊಡುತ್ತೇನೆ, ಆದರೆ ಮೋನೀಕ್ ಗ್ರಾಂಟ್ ಎಂಬ ಹುಡುಗಿಯೇ ಬರಬೇಕು. ಮೋನೀಕ್ ಹೆಸರು ಮಾಡಿದವಳಲ್ಲ. ಗಂಡನಿಂದ ಬೇರೆಯಾಗಿ ಮನಸ್ಸು ಮುರಿದು ಕೂತವಳು. ತನ್ನನ್ನೇ ಯಾಕೆ ಕರೆದಳು ಎಂಬ ಅವಳ ಗೊಂದಲ ನಮ್ಮದೂ ಆಗುತ್ತದೆ. ಎವಲಿನ್ ದಿನಕ್ಕಿಷ್ಟು ಎಂದು ತನ್ನ ಬದುಕನ್ನು ಹೇಳುತ್ತ ಹೋಗುತ್ತಾಳೆ. ಭಾಗಕ್ಕೊಬ್ಬ ಗಂಡ; ಪ್ರತಿಯೊಬ್ಬನ ಹೆಸರಿನ ಹಿಂದೆಯೂ ಒಂದು ವಿಶೇಷಣ, ಒಬ್ಬನಿಗೆ ಮರುಕದ್ದು, ಒಬ್ಬನಿಗೆ ಶಾಪದ್ದು, ಇನ್ನೊಬ್ಬನಿಗೆ ಬೇಸರದ್ದು. ನಡುನಡುವೆ ಆಗಿನ ಗಾಸಿಪ್ ಪತ್ರಿಕೆಗಳ ತುಣುಕುಗಳು. ಈ ತುಣುಕುಗಳು ನನಗೆ ಬಹಳ ಹಿಡಿಸಿದವು. ಊರೆಲ್ಲ ಓದಿ ನಂಬಿದ್ದು ಒಂದು, ಆ ಮನೆಯೊಳಗೆ ನಡೆದದ್ದು ಮತ್ತೊಂದು. ಸಿನಿಮಾ ಪತ್ರಿಕೆಗಳನ್ನು ಮಡಿಸಿ ದಿಂಬಿನ ಕೆಳಗಿಟ್ಟು ಬೆಳೆದ ನಮ್ಮಂಥವರಿಗೆ ಇದು ಚೆನ್ನಾಗಿಯೇ ತಾಗುತ್ತದೆ.

ಗಂಡಂದಿರಲ್ಲಿ ಕೆಲವರು ಬರೀ ತೆರೆ. ಎವಲಿನ್ ಬದುಕಿನುದ್ದಕ್ಕೂ ಪ್ರೀತಿಸಿದ್ದು ಸೀಲಿಯಾ ಸೇಂಟ್ ಜೇಮ್ಸ್ ಎಂಬ ಸಹನಟಿಯನ್ನು. ಐದನೆಯ ಗಂಡ ಹ್ಯಾರಿ ಕ್ಯಾಮರನ್ ಚಿತ್ರ ನಿರ್ಮಾಪಕ, ಅವಳ ಪ್ರಾಣಸ್ನೇಹಿತ; ಅವನೂ ಗಂಡಸರನ್ನೇ ಪ್ರೀತಿಸುವವನು. ಇಬ್ಬರೂ ಮದುವೆಯ ಮರೆಯಲ್ಲಿ ತಮ್ಮ ತಮ್ಮ ಪ್ರೀತಿಯನ್ನು ಬಚ್ಚಿಟ್ಟುಕೊಳ್ಳುತ್ತಾರೆ, ಒಂದು ಮಗುವನ್ನೂ ಬೆಳೆಸುತ್ತಾರೆ.

ಇದು ಕಲ್ಪನೆಯ ಅತಿರೇಕವೆಂದು ಯಾರೂ ತಳ್ಳಿಹಾಕುವಂತಿಲ್ಲ. ಚಿತ್ರದಲ್ಲಿ ಏನು ತೋರಿಸಬಾರದು ಎಂಬ ಕಟ್ಟಳೆಯನ್ನು ಹಾಲಿವುಡ್ 1934ರಿಂದ ಬಿಗಿಯಾಗಿ ಜಾರಿ ಮಾಡಿತು, 1968ರಲ್ಲಿ ಅದು ಹೋಯಿತು. ತೆರೆಯ ಮೇಲಿನ ಕಥೆಗೆ ಒಂದು ನಿಯಮವಾದರೆ ತೆರೆಯ ಆಚೆಯ ಬದುಕಿಗೆ ಇನ್ನೊಂದು. ನಡತೆ ಕೆಟ್ಟರೆ ಕೆಲಸ ಹೋಯಿತು ಎಂಬ ಷರತ್ತು ಕರಾರುಪತ್ರದಲ್ಲೇ ಇರುತ್ತಿತ್ತು. ರಾಕ್ ಹಡ್ಸನ್ 1955ರಲ್ಲಿ ಮದುವೆಯಾದ. ಅವನೊಳಗಿನ ಸತ್ಯ ಜಗತ್ತಿಗೆ ತಿಳಿದದ್ದು 1985ರಲ್ಲಿ, ಏಡ್ಸ್‌ನಿಂದ ಸಾಯುವ ಹೊತ್ತಿಗೆ. ಎಲಿಜಬೆತ್ ಟೇಲರ್ ಏಳು ಗಂಡಸರನ್ನು ಎಂಟು ಸಲ ಮದುವೆಯಾದಳು, ರಿಚರ್ಡ್ ಬರ್ಟನ್‌ನನ್ನು ಎರಡು ಸಲ. ಆವಾ ಗಾರ್ಡನರ್ ತನ್ನ ಗುಟ್ಟುಗಳನ್ನು ಪೀಟರ್ ಇವಾನ್ಸ್ ಎಂಬ ಪತ್ರಕರ್ತನಿಗೆ ಹೇಳುತ್ತ ಹೇಳುತ್ತ ನಡುವೆ ನಿಲ್ಲಿಸಿಬಿಟ್ಟಳು; ಆ ಪುಸ್ತಕ ಹೊರಬಂದ 2013ರಲ್ಲಿ ಹೇಳಿದವಳೂ ಇರಲಿಲ್ಲ, ಕೇಳಿದವನೂ ಇರಲಿಲ್ಲ. ಮಾರ್ಗರೀಟಾ ಕಾನ್ಸೀನೊ ಎಂಬ ಸ್ಪ್ಯಾನಿಷ್ ಮನೆತನದ ಹುಡುಗಿಯ ಹಣೆಯ ಅಂಚಿನ ಕೂದಲನ್ನು ವಿದ್ಯುತ್ತಿನಿಂದ ಕಿತ್ತು, ಉಳಿದದ್ದಕ್ಕೆ ಕೆಂಪು ಬಣ್ಣ ಹಾಕಿ, ಹೆಸರು ಬದಲಿಸಿ ರೀಟಾ ಹೇವರ್ತ್ ಮಾಡಿದರು. ಈ ಎಲ್ಲರ ಚೂರುಚೂರು ಸೇರಿ ಎವಲಿನ್ ಆಗಿದ್ದಾಳೆ.

ನಮ್ಮ ಕೂಟ ತಿಂಗಳಿಗೊಮ್ಮೆ ಸೇರುತ್ತದೆ. ಹತ್ತು ಹನ್ನೆರಡು ಮಂದಿ. ಇಂಗ್ಲಿಷ್ ಕಾದಂಬರಿ ಓದುವವರು ಮೂವರೋ ನಾಲ್ವರೋ. ಉಳಿದವರಿಗಾಗಿ ನಾನು ಬಾಯಲ್ಲೇ ಕಥೆ ಹೇಳಿದೆ, ಎರಡು ತಿಂಗಳ ಎರಡು ಸಂಜೆ. ಓದಿದವರ ಪ್ರತಿಕ್ರಿಯೆಗೂ ಕೇಳಿದವರ ಪ್ರತಿಕ್ರಿಯೆಗೂ ಎಷ್ಟು ಅಂತರವಿತ್ತೆಂದರೆ, ಈ ಲೇಖನ ಹುಟ್ಟಿದ್ದೇ ಅದರಿಂದ.

ಮೊದಲನೆಯ ಗಂಡ ಎರ್ನಿ ಡಿಯಾಸ್. ತಾಯಿ ಸತ್ತು, ತಂದೆಯ ನೆರಳಿಗೂ ಹೆದರುವ ಮನೆಯಿಂದ ಓಡಿಹೋಗಲು ಎವಲಿನ್ ಅವನನ್ನು ಕಟ್ಟಿಕೊಳ್ಳುತ್ತಾಳೆ. ಅವನು ಹಾಲಿವುಡ್ಡಿಗೆ ಹೊರಟಿದ್ದಾನೆ ಎಂಬುದೇ ಕಾರಣ. ಓದಿದ ಹುಡುಗಿಯರು ಅವಳ ಜಾಣತನಕ್ಕೆ ಚಪ್ಪಾಳೆ ತಟ್ಟುತ್ತಾರೆ. ಕಥೆ ಕೇಳಿದ ನಮ್ಮವರು ‘ಪಾಪ, ಆ ಹುಡುಗ ಏನ್ ಮಾಡಿದ್ದ?’ ಎಂದರು. ಎರಡನೆಯವನು ಡಾನ್ ಆಡ್ಲರ್, ನೋಡಲು ಸುಂದರ, ದೊಡ್ಡ ನಟ, ಕೈ ಎತ್ತುವವನು. ಏಟಿನ ಗುರುತನ್ನು ಮುಚ್ಚಿಕೊಂಡು ಅವಳು ಜನರೆದುರು ನಗುವುದನ್ನು ನಾನು ಹೇಳುವಾಗ ಯಾರೂ ಏನೂ ಕೇಳಲಿಲ್ಲ. ಒಬ್ಬರು ಎದ್ದು ಕಾಫಿ ಲೋಟ ಒಳಗಿಟ್ಟು ಬಂದರು. ಆ ಭಾಗವನ್ನು ಅಲ್ಲಿ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಹ್ಯಾರಿಯ ಸಂಗತಿ ಬಂದಾಗ ಮಾತ್ರ ಕೂಟ ಹಗುರಾಯಿತು. ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು, ‘ಹೊಡೆಯಲ್ಲ, ಬಡಿಯಲ್ಲ, ಕೂತು ಮಾತಾಡ್ತಾನೆ. ಇನ್ನೇನ್ರೀ ಬೇಕು ಗಂಡ ಅಂದ್ರೆ?’ ಎಂದಾಗ ನಾವೆಲ್ಲ ನಕ್ಕೆವು. ಸೀಲಿಯಾಳ ವಿಷಯಕ್ಕೆ ಅವರು ಹುಬ್ಬು ಗಂಟಿಕ್ಕುತ್ತಾರೇನೋ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡ ಗೆಳತಿಯ ಮದುವೆಯ ದಿನ ತಾನು ಜ್ವರ ಬಂದು ಮಲಗಿದ್ದನ್ನು ಒಬ್ಬರು ನೆನೆದರು. ಅದಕ್ಕೆ ಹೆಸರಿಡಲು ಅವರೂ ಹೋಗಲಿಲ್ಲ, ನಾವೂ ಹೋಗಲಿಲ್ಲ. ಹೊಸ ಓದುಗರಿಗೆ ಮಾತ್ರ ಹೆಸರು ಮುಖ್ಯ. ಎವಲಿನ್ ತಾನು ಹೆಣ್ಣು ಗಂಡು ಇಬ್ಬರನ್ನೂ ಪ್ರೀತಿಸಬಲ್ಲವಳು, ಒಂದನ್ನು ಅಳಿಸಿ ಇನ್ನೊಂದನ್ನು ಬರೆಯಬೇಡ ಎಂದು ಮೋನೀಕ್‌ಳನ್ನು ತಿದ್ದುವ ಕಡೆ ಎಷ್ಟೋ ಹುಡುಗಿಯರು ತಮ್ಮನ್ನೇ ಕಂಡುಕೊಂಡಿದ್ದಾರೆ. ಅದನ್ನು ನಾನು ಹಗುರವಾಗಿ ಕಾಣಲಾರೆ. ಪುಸ್ತಕದಲ್ಲಿ ತನ್ನಂಥವಳೊಬ್ಬಳು ಸಿಕ್ಕುವುದು ಒಂಟಿತನಕ್ಕೆ ದೊಡ್ಡ ಔಷಧ; ನಮಗೆ ತ್ರಿವೇಣಿ, ಎಂ.ಕೆ. ಇಂದಿರಾ ಅದನ್ನೇ ಕೊಟ್ಟಿದ್ದರು.

ನನ್ನನ್ನು ಹಿಡಿದು ನಿಲ್ಲಿಸಿದ ಪ್ರಸಂಗ ಬೇರೆ. ಎವಲಿನ್ ಕ್ಯೂಬಾದಿಂದ ಬಂದವರ ಮಗಳು, ಮೂಲ ಹೆಸರು ಎವಲಿನ್ ಹೆರೇರಾ. ಸ್ಟುಡಿಯೋದವರು ಅವಳ ಕೂದಲನ್ನು ಹೊಂಬಣ್ಣ ಮಾಡಿ, ಉಚ್ಚಾರ ತಿದ್ದಿ, ಆ ಹೆಸರನ್ನು ಕಿತ್ತೊಗೆಯುತ್ತಾರೆ. ಎಷ್ಟೋ ವರ್ಷಗಳ ಮೇಲೆ ಮನೆಗೆಲಸದವಳು ತನ್ನ ಬಗ್ಗೆಯೇ ಸ್ಪ್ಯಾನಿಷ್‌ನಲ್ಲಿ ಆಡಿದ ಮಾತು ಅವಳಿಗೆ ಅರ್ಥವಾಗುತ್ತದೆ, ಅದೇ ಭಾಷೆಯಲ್ಲಿ ಉತ್ತರ ಕೊಡುತ್ತಾಳೆ. ನುಂಗಿದ ತಾಯ್ನುಡಿ ಎಲ್ಲೂ ಹೋಗಿರುವುದಿಲ್ಲ. ಲೇಖಕಿ ಇಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕಿತ್ತು. ಬಿಳಿಯ ಲೇಖಕಿ ಕ್ಯೂಬಾದ ಹೆಣ್ಣನ್ನು ಬಣ್ಣಕ್ಕಷ್ಟೇ ಬಳಸಿಕೊಂಡರು ಎಂದು ಕೆಲವು ಓದುಗರು ಆಕ್ಷೇಪಿಸಿದ್ದಾರೆ. ಅದು ಪೂರ್ತಿ ಅನ್ಯಾಯದ ಮಾತೆಂದು ನನಗನ್ನಿಸುವುದಿಲ್ಲ. ಇನ್ನೊಂದು ಕೊರತೆಯೂ ಇದೆ. ಇಷ್ಟು ದೊಡ್ಡ ನಟಿಯ ಕಥೆಯಲ್ಲಿ ಅವಳು ಹೇಗೆ ನಟಿಸುತ್ತಿದ್ದಳು ಎಂಬುದೇ ಸರಿಯಾಗಿ ಕಾಣುವುದಿಲ್ಲ. ಉಡುಗೆ ಕಾಣುತ್ತದೆ, ಪ್ರಶಸ್ತಿ ಕಾಣುತ್ತದೆ, ಕೆಲಸ ಕಾಣುವುದಿಲ್ಲ. ಮರಾಠಿ ನಟಿ ಹಂಸಾ ವಾಡ್ಕರ್ 1970ರಲ್ಲಿ ಹೊರತಂದ ‘ಸಾಂಗತ್ಯೇ ಐಕಾ’ ಆತ್ಮಕಥೆಯ ಆಧಾರದಲ್ಲಿ ಶ್ಯಾಮ್ ಬೆನೆಗಲ್ 1977ರಲ್ಲಿ ‘ಭೂಮಿಕಾ’ ಮಾಡಿದರು. ಅಲ್ಲಿ ನಟಿ ದುಡಿಯುತ್ತಾಳೆ, ಅವಳ ದುಡಿಮೆಯಿಂದ ಮನೆ ನಡೆಯುತ್ತದೆ, ನಮಗೂ ಅದು ತಿಳಿಯುತ್ತದೆ.

ಇನ್ನು ಕೊನೆಯ ಗುಟ್ಟು. ಪುಸ್ತಕವನ್ನು ಓದಬೇಕೆಂದಿರುವವರು ಇಲ್ಲಿಗೇ ನಿಲ್ಲಿಸಿ ಆಮೇಲೆ ಬನ್ನಿ. ಹ್ಯಾರಿ ಒಂದು ರಾತ್ರಿ ಕುಡಿದು ಕಾರು ಓಡಿಸಿ ಅಪಘಾತ ಮಾಡುತ್ತಾನೆ. ಪಕ್ಕದಲ್ಲಿದ್ದ ಅವನ ಪ್ರಿಯಕರ ಸತ್ತುಹೋಗಿದ್ದಾನೆ. ಸ್ಥಳಕ್ಕೆ ಬಂದ ಎವಲಿನ್, ತನ್ನ ಡ್ರೈವರನ ನೆರವಿನಿಂದ ಸತ್ತವನನ್ನು ಎತ್ತಿ ಚಾಲಕನ ಸೀಟಿನಲ್ಲಿ ಕೂರಿಸುತ್ತಾಳೆ, ಹ್ಯಾರಿಯ ಹೆಸರು ಉಳಿಯಲೆಂದು. ಹ್ಯಾರಿಯೂ ಉಳಿಯುವುದಿಲ್ಲ. ಬಾಯಿ ಬಿಡದಿರಲು ಡ್ರೈವರ್ ಕೇಳಿದ ಬೆಲೆ, ತನ್ನನ್ನು ಸಿನಿಮಾ ನಟ ಮಾಡಬೇಕೆಂದು; ಅದೂ ಸಂದಾಯವಾಗುತ್ತದೆ. ಸತ್ತವನು ಜೇಮ್ಸ್ ಗ್ರಾಂಟ್, ಕಪ್ಪು ಜನಾಂಗದವನು, ಮೋನೀಕ್‌ಳ ತಂದೆ. ಆಗ ಅವಳಿಗೆ ಏಳು ವರ್ಷ. ತನ್ನಪ್ಪ ಕುಡಿದು ಕಾರು ಓಡಿಸಿ ಸತ್ತ ಎಂದೇ ಅವಳು ನಂಬಿ ಬೆಳೆದಿದ್ದಾಳೆ. ಅವಳನ್ನೇ ಕರೆಸಿದ್ದಕ್ಕೆ ಕಾರಣ ಇದು.

ಈ ತಿರುವಿನ ಬಗ್ಗೆ ಓದುಗರು ಎರಡು ಪಾಳಯ. ಎವಲಿನ್‌ಳನ್ನು ಕ್ಷಮಿಸಬಹುದೇ ಇಲ್ಲವೇ? ಪ್ರೀತಿಸಿದವರಿಗಾಗಿ ಏನನ್ನಾದರೂ ಮಾಡುವವಳು ಎಂದು ಒಬ್ಬರು, ಸ್ವಾರ್ಥಿ ಎಂದು ಇನ್ನೊಬ್ಬರು. ಹೆಚ್ಚಿನವರು ಬೈದು, ಅತ್ತು, ಕೊನೆಗೆ ಅವಳನ್ನು ಮೆಚ್ಚಿಯೇ ಪುಸ್ತಕ ಮುಚ್ಚುತ್ತಾರೆ. ನಮ್ಮ ಕೂಟದಲ್ಲಿ ಎಪ್ಪತ್ತು ದಾಟಿದ ಒಬ್ಬರಿದ್ದಾರೆ, ಹಪ್ಪಳ ಸಂಡಿಗೆ ಮಾಡಿ ಮಾರಿ ಮಕ್ಕಳನ್ನು ಓದಿಸಿದವರು. ಕಥೆ ಮುಗಿದಾಗ ಅವರು ಕ್ಷಮೆಯ ಸುದ್ದಿಯನ್ನೇ ಎತ್ತಲಿಲ್ಲ. ‘ಆ ಸತ್ತೋನ ಹೆಂಡ್ತಿ ಇದ್ಲಲ್ಲ, ಅವಳು ಊರೋರ್ಗೆ ಏನಂತ ಹೇಳ್ಕೊಂಡು ಬದುಕಿದ್ಲು ಅಷ್ಟು ವರ್ಷ?’ ಎಂದು ಕೇಳಿದರು.

ಉತ್ತರಕ್ಕಾಗಿ ನಾನು ಮನೆಗೆ ಬಂದು ಪುಟಗಳನ್ನು ತಿರುವಿದೆ. ಮೋನೀಕ್‌ಳ ತಾಯಿ ಪುಸ್ತಕದಲ್ಲಿದ್ದಾಳೆ, ಮಗಳ ಮನೆಗೆ ಬರುತ್ತಾಳೆ, ಹೋಗುತ್ತಾಳೆ. ಗಂಡ ಸತ್ತ ಮೇಲೆ ಒಂಟಿಯಾಗಿ ಮಗಳನ್ನು ಸಾಕಿದವಳು. ಕುಡಿದು ಸತ್ತವನ ಹೆಂಡತಿ ಎಂಬ ಹಣೆಪಟ್ಟಿ ಹೊತ್ತ ಅವಳ ದಿನಗಳು ಹೇಗಿದ್ದವೆಂದು ಬರೆಯಲು ಮಾತ್ರ ಕಾದಂಬರಿಗೆ ಬಿಡುವಿಲ್ಲ. ಅದಕ್ಕೆ ಎವಲಿನ್‌ಳದೇ ಅವಸರ. ಜೇಮ್ಸ್ ಹ್ಯಾರಿಗೆ ಬರೆದ ಒಂದು ಪತ್ರವನ್ನು ಎವಲಿನ್ ಮೋನೀಕ್‌ಳ ಕೈಗಿಡುತ್ತಾಳೆ; ಹೆಂಡತಿ ಮಗಳನ್ನು ಬಿಟ್ಟು ಬರಲಾರೆ ಎಂದು ಅವನು ತಿಳಿಸಿದ ಪತ್ರ. ಅಪ್ಪ ನನ್ನನ್ನೇ ಆರಿಸಿಕೊಂಡ ಎಂದು ಮಗಳಿಗೆ ಸಮಾಧಾನ. ಹೆಂಡತಿಗೆ ಅದೇ ಪತ್ರ ಇನ್ನೊಂದು ಏಟೂ ಆಗಬಹುದಲ್ಲವೇ? ಗಂಡ ಕುಡುಕನಾಗಿರಲಿಲ್ಲ ಎಂಬ ನೆಮ್ಮದಿ, ಅವನ ಮನಸ್ಸು ಇನ್ನೆಲ್ಲೋ ಇತ್ತು ಎಂಬ ನೋವು, ಎರಡೂ ಒಂದೇ ಲಕೋಟೆಯಲ್ಲಿ. ನಾನು ಕಂಡ ಮೆಚ್ಚುಗೆಗಳಲ್ಲಿ ಈ ಹೆಂಗಸಿನ ಹೆಸರು ಬಹಳ ಅಪರೂಪ.

ಎವಲಿನ್ ತನ್ನ ಗುಟ್ಟನ್ನು ತನ್ನದೇ ಷರತ್ತಿನ ಮೇಲೆ ಬಿಚ್ಚುತ್ತಾಳೆ. ಕೇಳುವವಳನ್ನು ತಾನೇ ಆರಿಸುತ್ತಾಳೆ, ಪುಸ್ತಕ ತಾನು ಸತ್ತ ಮೇಲೆ ಬರಬೇಕೆನ್ನುತ್ತಾಳೆ, ಅದರ ಹಣವನ್ನು ಮೋನೀಕ್‌ಳಿಗೆ ಬಿಡುತ್ತಾಳೆ, ಕೊನೆಗೆ ಸಾವಿನ ವೇಳೆಯನ್ನೂ ತಾನೇ ಗೊತ್ತುಮಾಡಿಕೊಳ್ಳುತ್ತಾಳೆ. ಇದನ್ನೇ ಓದುಗರು ಧೈರ್ಯವೆನ್ನುತ್ತಾರೆ. ‘ಶರಪಂಜರ’ದ ಕಾವೇರಿಯನ್ನು ನೆನೆಯಿರಿ. 1971ರ ಆ ಚಿತ್ರದಲ್ಲಿ ಕಲ್ಪನಾ ಅಭಿನಯಿಸಿದ ಕಾವೇರಿಯ ಹಳೆಯ ಗುಟ್ಟು ಅವಳ ಕೈಮೀರಿ ಹೊರಬಿತ್ತು, ಬೆಲೆಯನ್ನು ಪೂರ್ತಿ ಅವಳೇ ತೆತ್ತಳು. ನಮ್ಮ ಪೀಳಿಗೆಯವರು ಅತ್ತದ್ದು ಅಂಥವಳಿಗಾಗಿ. ಗುಟ್ಟಿನ ಮೇಲೆ ಹಿಡಿತವಿರುವ, ಯಾರ ಎದುರೂ ತಲೆ ಬಾಗಿಸದ ಎವಲಿನ್‌ಳನ್ನು ನಮ್ಮ ಹೆಣ್ಣುಮಕ್ಕಳು ಮೆಚ್ಚುತ್ತಾರೆಂದರೆ ನನಗೆ ಸಂತೋಷವೇ. ಕಾವೇರಿಯೇ ಆಗಬೇಕೆಂದು ಯಾವ ತಾಯಿ ಹೇಳುತ್ತಾಳೆ? ಆದರೆ ಎವಲಿನ್ ತೆರದೆ ಉಳಿಸಿದ ಬೆಲೆಯ ಒಂದು ಪಾಲು ಇನ್ನೊಂದು ಮನೆಯ ಹೆಂಗಸಿನ ಹೆಸರಿಗೆ ಹೋಗಿದೆ. ಆ ಮನೆಯಲ್ಲಿ ಗಾಸಿಪ್ ಪತ್ರಿಕೆಯವರು ಇರಲಿಲ್ಲ, ಹರಾಜಿಗಿಡಲು ರೇಷ್ಮೆಯ ಉಡುಪುಗಳೂ ಇರಲಿಲ್ಲ.

ಅಕ್ಕನ ಮಗಳಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವಳ ಹೆಸರೇನು ಚಿಕ್ಕಮ್ಮಾ? ನಂಗೆ ನೆನಪೇ ಆಗ್ತಿಲ್ಲ’ ಎಂದಳು. ಮುಂದಿನ ಸಲ ಊರಿಗೆ ಬಂದಾಗ ಪುಸ್ತಕ ವಾಪಸು ಬೇಕಂತೆ, ಇನ್ನೊಮ್ಮೆ ಓದುತ್ತಾಳಂತೆ.