ಬೀದಿ ಸೀನಿನ ಅಗಸ

ಕಂಪನಿ ನಾಟಕ ನೋಡಿದವರಿಗೆ ಬೀದಿ ಸೀನು ಗೊತ್ತು. ಅರಮನೆಯ ದೃಶ್ಯ ಮುಗಿಯುತ್ತಿದ್ದಂತೆ ಸಾಲುಮನೆ ಬರೆದ ಪರದೆಯೊಂದು ಸರ್ರನೆ ಇಳಿಯುತ್ತದೆ. ಅದರ ಮುಂದೆ ಉಳಿದ ಕಿರಿದಾದ ಜಾಗದಲ್ಲಿ ಹಾಸ್ಯಗಾರರು ಬಂದು ನಗಿಸುತ್ತಾರೆ. ಹಿಂದೆ ಸಿಂಹಾಸನ ಎತ್ತಿ ಉದ್ಯಾನ ನಿಲ್ಲಿಸುವ ಗಡಿಬಿಡಿ. ಸೆಟ್ಟು ತಡವಾದರೆ ಹಾಸ್ಯಗಾರ ಮಾತು ಬೆಳೆಸಬೇಕು. ಪಾರ್ಸಿ ರಂಗಭೂಮಿಯಿಂದ ಬಂದ ಈ ಏರ್ಪಾಟಿನಲ್ಲಿ ಒಂದು ಅಲಿಖಿತ ಕಟ್ಟಳೆಯೂ ಇತ್ತು: ರಾಜ ಬೀದಿಗೆ ಇಳಿಯುವುದು ಅಪರೂಪ, ಹಾಸ್ಯಗಾರ ಸಿಂಹಾಸನದ ಹತ್ತಿರ ಸುಳಿಯುವಂತಿಲ್ಲ.

ಗಿರೀಶ ಕಾರ್ನಾಡರ ‘ತುಘಲಕ್’ ಓದುವಾಗೆಲ್ಲ ನನ್ನ ಕಣ್ಣಮುಂದೆ ಬರುವುದು ಈ ಪರದೆ. ಶಿರಸಿಯಲ್ಲಿ ಹುಡುಗನಾಗಿ ಕಂಪನಿ ನಾಟಕಗಳನ್ನು ಕಂಡಿದ್ದ ಕಾರ್ನಾಡರು, ದೆಹಲಿಯ ಸುಲ್ತಾನ ಮಹಮ್ಮದ್ ತುಘಲಕನನ್ನು ಕುರಿತು 1964ರಲ್ಲಿ ಪ್ರಕಟವಾದ ಈ ನಾಟಕಕ್ಕೆ ಅದೇ ಚೌಕಟ್ಟನ್ನು ಎತ್ತಿಕೊಂಡರು. ಬರೆಯುತ್ತ ಹೋದಂತೆ ಬೀದಿಯ ದೃಶ್ಯಗಳು ಕೈಮೀರಿ ಉಬ್ಬತೊಡಗಿದವು, ಅರಮನೆಯ ದೃಶ್ಯಗಳು ಬರಿದಾಗುತ್ತ ಬಂದವು ಎಂದು ಮುಂದೆ ಅವರೇ ವಿವರಿಸಿದ್ದಾರೆ. ಜನರ ಕೈಗೆ ಓಟು ಬಂದು ಇನ್ನೂ ಹೆಚ್ಚು ವರ್ಷಗಳಾಗಿರದ ಕಾಲ ಅದು. ಬೀದಿಯ ಮಂದಿಯನ್ನು ಅವರ ಜಾಗದಲ್ಲೇ ಹಿಡಿದಿಡುವುದು ಆಗಲಿಲ್ಲ. ರಂಗದ ಹಿಂದೆ ಸಾಮಾನು ಸಾಗಿಸಲು ಬೇಕಾದ ಬಿಡುವು ಒಂದು ನಾಟಕದ ಜೀವಾಳವಾಗಿಬಿಟ್ಟಿತು. ನಾಟಕಕಾರನ ಕಸುಬಿನಲ್ಲಿ ನನಗೆ ಅತ್ಯಂತ ರುಚಿಸುವುದು ಇದೇ. ಸುತ್ತಿಗೆಯ ಸದ್ದು, ನಟನ ಉಸಿರು, ವೇಷ ಬದಲಿಸಲು ಹಿಡಿಯುವ ಹೊತ್ತು ಎಲ್ಲವೂ ಅವನ ಲೆಕ್ಕಕ್ಕೆ ಸೇರಬೇಕು. ಒಳ್ಳೆಯವನ ಕೈಯಲ್ಲಿ ಆ ಲೆಕ್ಕವೇ ಅರ್ಥವಾಗುತ್ತದೆ.

ಬೀದಿಯ ಆ ಶಕ್ತಿಗೆ ಹೆಸರು ಅಜೀಜ್, ಜಾತಿಯಲ್ಲಿ ಅಗಸ. ಸುಲ್ತಾನ ತನ್ನ ಜಮೀನು ಕಿತ್ತುಕೊಂಡನೆಂದು ಬ್ರಾಹ್ಮಣನೊಬ್ಬ ಹೂಡಿದ ದಾವೆಯಿಂದ ನಾಟಕ ಶುರುವಾಗುತ್ತದೆ. ಕಾಜಿ ಸುಲ್ತಾನನ ವಿರುದ್ಧವೇ ತೀರ್ಪು ಕೊಡುತ್ತಾನೆ, ಸುಲ್ತಾನ ತಲೆಬಾಗಿ ಒಪ್ಪಿಕೊಳ್ಳುತ್ತಾನೆ. ಎಂಥ ನ್ಯಾಯ ಎಂದು ನಾವು ಬೆರಗಾಗಿರುವಾಗಲೇ, ಆ ಬ್ರಾಹ್ಮಣ ವೇಷದಲ್ಲಿರುವವನು ಅಜೀಜ್ ಎಂದು ತಿಳಿಯುತ್ತದೆ. ನಿಜವಾದ ಬ್ರಾಹ್ಮಣನಿಂದ ಹಿಂದಿನ ತಾರೀಖು ಹಾಕಿಸಿ ಜಮೀನು ಕೊಂಡು ದಾವೆ ಹೂಡಿದ ಚಾಲಾಕಿ. ಸುಲ್ತಾನನ ಆದರ್ಶವೂ ಅದನ್ನು ಕೊರೆಯುವ ಹುಳವೂ ಒಂದೇ ದೃಶ್ಯದಲ್ಲಿ ಹುಟ್ಟುತ್ತವೆ. ವಿವರಣೆಯ ಒಂದು ಸಾಲಿಲ್ಲ.

ಸುಲ್ತಾನ ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಬದಲಿಸಿ ಜನರನ್ನೂ ಹೊರಡಿಸುತ್ತಾನೆ; ಆ ದಾರಿಯ ಬಿಡಾರದ ದೃಶ್ಯ ಇನ್ನೂ ಹರಿತ. ಕೂಸು ಸಾಯುತ್ತಿದೆ, ವೈದ್ಯನ ಹತ್ತಿರ ಹೋಗಲು ಬಿಡಿ ಎಂದು ಹೆಂಗಸೊಬ್ಬಳು ಬೇಡುತ್ತಾಳೆ. ಅಧಿಕಾರಿಯಾಗಿರುವ ಅಜೀಜ್ ಲಂಚ ಕೇಳುತ್ತಾನೆ. ಅವಳಲ್ಲಿ ಇಲ್ಲ, ಅವನು ಬಿಡುವುದಿಲ್ಲ. ಜೊತೆಗಾರ ಆಜಮ್ ಕರಗಿದರೂ ಇವನು ಕರಗುವುದಿಲ್ಲ. ಸುಲ್ತಾನನ ಮಹಾಯೋಜನೆ ನೆಲಕ್ಕೆ ತಾಗುವ ಬಿಂದು ಇದು. ಮುಂದೆ ಖಲೀಫರ ವಂಶದ ಅತಿಥಿಯ ವೇಷದಲ್ಲಿ ಅದೇ ಅಜೀಜ್ ದೌಲತಾಬಾದಿಗೆ ಬಂದಾಗ, ಹಸಿದ ಜನಜಂಗುಳಿಯ ನಡುವಿನಿಂದ ಅದೇ ಹೆಂಗಸು ಅವನನ್ನು ಗುರುತಿಸಿ ಕಿರುಚುತ್ತಾಳೆ, ದಂಗೆ ಏಳುತ್ತದೆ. ಹೆಸರೂ ಇಲ್ಲದ ಪಾತ್ರವೊಂದು ನಗರಕ್ಕೇ ಕಿಚ್ಚು ಹಚ್ಚುತ್ತದೆ. ನಡುವೆ ಇಷ್ಟೊಂದು ದೃಶ್ಯ ಅವಳನ್ನು ಮರೆಸಿ ಇಟ್ಟ ನಾಟಕಕಾರನ ತಾಳ್ಮೆಗೆ ನಾನು ಮತ್ತೆ ಮತ್ತೆ ಮಾರುಹೋಗಿದ್ದೇನೆ.

ಅತ್ತ ಅರಮನೆ ಖಾಲಿಯಾಗುತ್ತಿರುತ್ತದೆ. ಮೊದಮೊದಲು ಅಲ್ಲಿ ಚದುರಂಗವಿದೆ, ಮಲತಾಯಿಯ ಜೊತೆ ಸಲಿಗೆಯ ಹರಟೆಯಿದೆ, ಸಾದಿಯ ಕಾವ್ಯದಂಥ ಗುಲಾಬಿ ತೋಟದ ಕನಸಿದೆ. ಆಮೇಲೆ ಒಬ್ಬೊಬ್ಬರೇ ಸಾಯುತ್ತಾರೆ ಇಲ್ಲವೇ ದೂರವಾಗುತ್ತಾರೆ. ಬೆಳ್ಳಿಯ ಬೆಲೆಗೆ ತಾನು ಹೊರಡಿಸಿದ ತಾಮ್ರದ ನಾಣ್ಯವನ್ನು ನಕಲು ಮಾಡಿ ಜನ ಮನೆಮನೆಯಲ್ಲಿ ಟಂಕಿಸಿದ ಖೋಟಾ ನಾಣ್ಯಗಳನ್ನು ಆ ತೋಟದಲ್ಲೇ ರಾಶಿ ಸುರಿಯಲು ಸುಲ್ತಾನ ಅಪ್ಪಣೆ ಕೊಡುತ್ತಾನೆ. ಇತಿಹಾಸದ ಪುಸ್ತಕದಲ್ಲಿ ಆರ್ಥಿಕ ಪ್ರಯೋಗವೊಂದರ ಸೋಲಾಗಿ ಮುಗಿಯುವ ಸಂಗತಿ ಇಲ್ಲಿ ಮೂಗಿಗೆ ಅಡರುತ್ತದೆ, ಗುಲಾಬಿಯ ಮೇಲೆ ಕಿಲುಬು.

ಕೊನೆಯ ದೃಶ್ಯದಲ್ಲಿ ಕಟ್ಟಳೆ ಮುರಿಯುತ್ತದೆ. ಅಗಸ ಸುಲ್ತಾನನ ಎದುರೇ ನಿಲ್ಲುತ್ತಾನೆ. ಇಲ್ಲಿ ಮಾತಿನ ಅಳತೆಯನ್ನು ಗಮನಿಸಬೇಕು. ನಾಟಕದುದ್ದಕ್ಕೂ ನಿರರ್ಗಳ ಮಾತಾಡಿದವನು ಸುಲ್ತಾನ. ಈಗ ಅವನದು ಚಿಕ್ಕ ಚಿಕ್ಕ ಪ್ರಶ್ನೆ, ಕಥೆ ಹೇಳುವ ಸರದಿ ಅಜೀಜನದು. ಸುಲ್ತಾನನ ಒಂದೊಂದು ಸುಧಾರಣೆಯನ್ನೂ ತಾನು ಹೇಗೆ ಕಸುಬು ಮಾಡಿಕೊಂಡೆನೆಂದು ಅಳುಕಿಲ್ಲದೆ ವಿವರಿಸುತ್ತಾನೆ. ನಿಮ್ಮ ನಿಜವಾದ ಶಿಷ್ಯ ನಾನೇ ಎನ್ನುವ ಧಾಟಿ ಅದು. ಸುಲ್ತಾನ ಅವನ ತಲೆ ತೆಗೆಸುವುದಿಲ್ಲ, ದಖ್ಖನಿನಲ್ಲಿ ಅಧಿಕಾರ ಕೊಟ್ಟು ಕಳಿಸುತ್ತಾನೆ. ಅದಕ್ಕಿಂತ ಕಠಿಣ ಶಿಕ್ಷೆ ಆ ನಾಟಕದಲ್ಲಿ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಅದು ಸುಲ್ತಾನ ತನಗೇ ವಿಧಿಸಿಕೊಂಡದ್ದು.

ಕನ್ನಡದಲ್ಲಿ ಸಿ.ಆರ್. ಸಿಂಹ ಈ ಸುಲ್ತಾನನಾಗಿ ಮನೆಮಾತಾದರು. ದೆಹಲಿಯಲ್ಲಿ 1970ರ ದಶಕದಲ್ಲಿ ಇಬ್ರಾಹಿಂ ಅಲ್ಕಾಜಿ ಪುರಾನಾ ಕಿಲಾದ ಬಯಲಿನಲ್ಲೇ ಇದನ್ನು ಆಡಿಸಿದರು, ಮನೋಹರ್ ಸಿಂಗ್ ಸುಲ್ತಾನ. ಅಷ್ಟು ದೊಡ್ಡ ಕೋಟೆಯಲ್ಲಿ ಇಳಿಸಲು ಬೀದಿ ಪರದೆ ಎಲ್ಲಿಂದ ಬರಬೇಕು? ಆದರೂ ನಾಟಕ ನಿಂತಿತು. ಬೀದಿ ಆಗಲೇ ಬಟ್ಟೆಯಿಂದ ಮಾತಿಗೆ ಇಳಿದಾಗಿತ್ತು. ಅನುಮಾನವಿದ್ದರೆ ಸ್ನೇಹಿತರೊಬ್ಬರನ್ನು ಕೂರಿಸಿಕೊಂಡು ಆ ಕೊನೆಯ ದೃಶ್ಯವನ್ನು ಗಟ್ಟಿಯಾಗಿ ಓದಿ, ಆಮೇಲೆ ಪಾತ್ರ ಬದಲಿಸಿ ಇನ್ನೊಮ್ಮೆ ಓದಿ. ಅಜೀಜನ ಸರದಿ ಬಂದಾಗ ನಾಲಿಗೆ ತಾನಾಗಿ ಚುರುಕಾಗುತ್ತದೆ.