ಲಂಡನ್ ಸಿಸ್ಟಮ್: ಬಾಯಿಪಾಠದ ಆಚೆ

ಪುಣೆಯ ಮಗರಪಟ್ಟಾದ ಪಕ್ಕದಲ್ಲೇ ಇರುವ ಅಮನೋರಾದಲ್ಲಿ 2025ರ ಏಪ್ರಿಲ್‌ನಲ್ಲಿ ಫಿಡೆ ಮಹಿಳಾ ಗ್ರ್ಯಾನ್ ಪ್ರಿ ಚೆಸ್ ಪಂದ್ಯಾವಳಿ ನಡೆಯಿತು. ಕೋನೇರು ಹಂಪಿ ಗೆದ್ದರು. ಅಂಥ ಆಟ ಮನೆ ಬಾಗಿಲಿಗೇ ಬಂದ ಮೇಲೆ ಇಲ್ಲಿನ ಕ್ಲಬ್ ಆಟದ ಗುಣವನ್ನೂ ಗಂಭೀರವಾಗಿ ನೋಡಬೇಕು. ಮಕ್ಕಳಾಗಲಿ, ಐಟಿ ಉದ್ಯೋಗಿಗಳಾಗಲಿ, ಬಿಳಿ ಕಾಯಿ ಸಿಕ್ಕರೆ ಮತ್ತೆ ಮತ್ತೆ ಹಿಡಿಯುವ ದಾರಿ ಲಂಡನ್ ಸಿಸ್ಟಮ್ ಎಂಬ ಆರಂಭ.

ಅದರ ಗುಣ ದೊಡ್ಡದೇ. ಡಿ4ಕ್ಕೆ ಕಾಲಾಳು ನಡೆಸಿ, ಇ3 ಮುಚ್ಚುವ ಮೊದಲೇ ಒಂಟೆಯನ್ನು ಎಫ್4ಕ್ಕೆ ತರುತ್ತಾರೆ. ಸಿ3, ಡಿ4, ಇ3ರ ಕಾಲಾಳುಗಳು ನಡುಮನೆಯನ್ನು ಗಟ್ಟಿಮಾಡುತ್ತವೆ. ಡಿ3ರ ಒಂಟೆ ಎಚ್7ರ ಮೇಲೆ ಕಣ್ಣಿಟ್ಟರೆ ಕುದುರೆ ಇ5ಕ್ಕೆ ಜಿಗಿಯುತ್ತದೆ. ಓದಲು ಸಮಯವಿಲ್ಲದವರೂ ಹತ್ತು ನಡೆಯೊಳಗೆ ಕುಸಿಯದೆ ನಿಜವಾದ ಹೋರಾಟಕ್ಕೆ ತಲುಪುತ್ತಾರೆ.

ತೊಂದರೆ ಬರುವುದು ಇದನ್ನು ಮಗ್ಗಿಯಂತೆ ಒಪ್ಪಿಸಿದಾಗ. ಎಫ್4ಕ್ಕೆ ಹೋದ ಒಂಟೆ ಬಿ2ರ ಕಾವಲು ಬಿಟ್ಟಿರುತ್ತದೆ. ಕಪ್ಪು ಸಿ5 ಆಡಿ, ಕುದುರೆಯನ್ನು ಸಿ6ಕ್ಕೂ ಮಂತ್ರಿಯನ್ನು ಬಿ6ಕ್ಕೂ ತಂದರೆ ಪೆಟ್ಟು ಅಲ್ಲಿಗೇ. ಬಿಳಿ ಮಂತ್ರಿ ಬಿ3ಕ್ಕೆ ಬರುತ್ತದೆ, ಕಪ್ಪು ಕಾಲಾಳನ್ನು ಸಿ4ಕ್ಕೆ ತಳ್ಳಿದಾಗ ಸಿ2ಕ್ಕೆ ಸರಿಯುತ್ತದೆ. ಆಗ ಕಪ್ಪು ಒಂಟೆ ಎಫ್5ಕ್ಕೆ ಬಂದು ನಿಲ್ಲುತ್ತದೆ. ಪುಕ್ಕಟೆ ಸಿಕ್ಕಿತೆಂದು ಅದನ್ನು ಹೊಡೆದವರ ಬಿ2 ಮೊದಲು ಹೋಗುತ್ತದೆ, ಬೆನ್ನಿಗೇ ಎ1ರ ಆನೆಯೂ. ಮಂತ್ರಿ ಸಿ1ಕ್ಕೆ ಹಿಂದೆ ಸರಿಯುವುದೇ ಸರಿ. ಎದುರಾಳಿಯ ಉದ್ದೇಶ ಓದಿದವರಿಗೆ ಮಾತ್ರ ಅದು ಹೊಳೆಯುತ್ತದೆ.

ಇದೇ ಆರಂಭವನ್ನು ಡಿಂಗ್ ಲಿರೆನ್ 2023ರ ವಿಶ್ವ ಚಾಂಪಿಯನ್‌ಷಿಪ್‌ನ ಆರನೇ ಆಟದಲ್ಲಿ ನೆಪೊಮ್ನಿಯಾಶಿ ವಿರುದ್ಧ ಆಡಿದರು. ಕಪ್ಪು ಒಂಟೆ ಎಫ್5ರಲ್ಲಿ ಕೂತು ಡಿ3ರ ದಾರಿಗೆ ಅಡ್ಡವಾಗಿತ್ತು. ಡಿಂಗ್ ರೂಢಿಯ ಮನೆ ಬಿಟ್ಟು ತಮ್ಮ ಒಂಟೆಯನ್ನು ಬಿ5ಕ್ಕೆ ಇಟ್ಟರು. ಎಫ್4ರ ಒಂಟೆಯನ್ನು ಡಿ6ರಲ್ಲಿ ಬದಲಾಯಿಸಿಕೊಂಡು, ಕುದುರೆಯನ್ನು ಇ5ಕ್ಕೆ ನೆಟ್ಟರು. ಕೊನೆಗೆ ರಾಜನ ಸುತ್ತ ಬಲೆ ಬಿಗಿದು ಗೆದ್ದರು. ಸಿದ್ಧ ನಕ್ಷೆಯಲ್ಲಿ ಯಾವುದನ್ನು ಬಿಡಬೇಕೆಂಬ ತಿಳಿವು ಅಲ್ಲಿ ಗೆದ್ದಿತು.

ಹಾಗಾಗಿ ಲಂಡನ್ ಸೋಮಾರಿಗಳ ಆರಂಭ ಎಂಬ ಮೂದಲಿಕೆ ನನಗೆ ಒಪ್ಪಿಗೆಯಿಲ್ಲ. ಆದರೆ ಕಲಿಸುವವರ ಹೊಣೆ ಹೆಚ್ಚು. ಪ್ರತಿ ನಡೆಗೂ ಕಾರಣ ಕೇಳಬೇಕು. ಕಪ್ಪಿನ ಪರವಾಗಿಯೂ ಇದೇ ಸ್ಥಿತಿಯನ್ನು ಆಡಿಸಬೇಕು. ಒಂದಷ್ಟು ಕಾಲ ಇ4ರಿಂದ ಶುರುವಾಗುವ ತೆರೆದ ಆಟವನ್ನೂ ಮಕ್ಕಳು ಆಡಲಿ. ಅಷ್ಟಾದ ಮೇಲೆ ಲಂಡನ್‌ಗೆ ಮರಳಿದವರು ಅದನ್ನು ಆಯ್ದುಕೊಂಡು ಆಡುತ್ತಾರೆ, ಅಭ್ಯಾಸಬಲದಿಂದಲ್ಲ.